ಅಮೆರಿಕದ ಹೈಸ್ಕೂಲಿನಲ್ಲಿ ಸ್ಪ್ಯಾನಿಷ್: ತರಗತಿಯ ನಿರೀಕ್ಷೆ, ಗ್ರೇಡಿನ ಲೆಕ್ಕ, ಮನೆಯವರು ಮಾಡಬಹುದಾದದ್ದು

ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲಿ ಮಕ್ಕಳ ಗಣಿತದ ಅಂಕ ಇಳಿದರೆ ಏನು ಮಾಡಬೇಕೆಂದು ಅಪ್ಪ ಅಮ್ಮಂದಿರಿಗೆ ಗೊತ್ತು. ಪುಸ್ತಕ ತೆರೆದು ಪಕ್ಕದಲ್ಲಿ ಕೂರುತ್ತಾರೆ. ಸ್ಪ್ಯಾನಿಷ್‌ನಲ್ಲಿ ಇಳಿದರೆ ಮಾತ್ರ ಕೈ ಚೆಲ್ಲುತ್ತಾರೆ: ‘ನಮಗೆ ಆ ಭಾಷೆಯೇ ಬಾರದು, ನಾವೇನು ಹೇಳಿಕೊಡುವುದು?’ ಈ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಹತ್ತಿರದಿಂದ ಕಂಡ ಮಕ್ಕಳಲ್ಲಿ ಹೆಚ್ಚಿನವರು ವ್ಯಾಕರಣ ಬಾರದೆ ಗ್ರೇಡ್ ಕಳೆದುಕೊಂಡವರಲ್ಲ. ಗ್ರೇಡನ್ನು ಯಾವುದಕ್ಕೆ ಕೊಡುತ್ತಾರೆಂದು ತಿಳಿಯದೆ ಕಳೆದುಕೊಂಡವರು. ಅದನ್ನು ತಿಳಿದುಕೊಳ್ಳಲು ತಂದೆ ತಾಯಿಗೆ ಸ್ಪ್ಯಾನಿಷ್ ಬರಬೇಕಾಗಿಲ್ಲ.

ತೊಡಕು ಇರುವುದು ನಮ್ಮ ಅಭ್ಯಾಸದಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಯ ಅಂಕಗಳ ಬಹುಪಾಲು ಕೊನೆಯ ಲಿಖಿತ ಪರೀಕ್ಷೆಗೇ ಇತ್ತು. ವರ್ಷದ ಕೊನೆಯ ಎರಡು ತಿಂಗಳು ಗಟ್ಟಿಯಾಗಿ ಕೂತು ಓದಿದರೆ ದಡ ಸೇರಬಹುದಿತ್ತು. ಹಿಂದಿಯ ಪಾಠದ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ಪಡೆದ ಎಷ್ಟೋ ಮಂದಿಗೆ ಹಿಂದಿಯಲ್ಲಿ ನಾಲ್ಕು ವಾಕ್ಯ ಮಾತನಾಡಲು ಬರುತ್ತಿರಲಿಲ್ಲ. ಅಮೆರಿಕದ ಸ್ಪ್ಯಾನಿಷ್ ತರಗತಿ ಇದಕ್ಕೆ ಪೂರ್ತಿ ವಿರುದ್ಧ. ಶಾಲೆ ಶುರುವಾದ ಮೊದಲ ವಾರದಿಂದಲೇ ಪ್ರತಿದಿನದ ಸಣ್ಣ ಕೆಲಸ ಗ್ರೇಡಿನೊಳಗೆ ಸೇರುತ್ತಾ ಹೋಗುತ್ತದೆ. ಮಗುವಿಗೆ ಎಷ್ಟು ಗೊತ್ತು ಎನ್ನುವುದಕ್ಕಿಂತ ಆ ಭಾಷೆಯಲ್ಲಿ ಏನು ಮಾಡಲು ಬರುತ್ತದೆ ಎನ್ನುವುದಕ್ಕೆ ಅಂಕ. ಕೊನೆಯ ಪರೀಕ್ಷೆಗೆ ಹದಿನೈದು ದಿನ ಮುಂಚೆ ಎಚ್ಚೆತ್ತರೆ ಬಹುಪಾಲು ಆಗಲೇ ಮುಗಿದಿರುತ್ತದೆ.

ಇಲ್ಲಿ ಬರೆದಿರುವುದು 9ರಿಂದ 12ನೇ ತರಗತಿಯ ಸಾರ್ವಜನಿಕ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅಮೆರಿಕದಲ್ಲಿ ಗ್ರೇಡಿನ ನಿಯಮಗಳು ಶಾಲಾ ಜಿಲ್ಲೆಯಿಂದ (ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಜಿಲ್ಲೆಗೆ ಬದಲಾಗುತ್ತವೆ. ಒಂದೇ ಶಾಲೆಯ ಇಬ್ಬರು ಶಿಕ್ಷಕರ ನಡುವೆಯೂ ಬದಲಾಗುವುದುಂಟು. ಇಲ್ಲಿನ ಮಾತಿಗೂ ನಿಮ್ಮ ಮಗುವಿನ ಶಿಕ್ಷಕರ ಸಿಲಬಸ್‌ಗೂ ವ್ಯತ್ಯಾಸ ಕಂಡರೆ ಸಿಲಬಸ್ಸೇ ಅಂತಿಮ.

ಹಂತ 1: ಸಹಿ ಹಾಕುವ ಮೊದಲು ಸಿಲಬಸ್ ಓದಿ

ವರ್ಷದ ಆರಂಭದಲ್ಲಿ ಶಿಕ್ಷಕರು ಎರಡು ಮೂರು ಪುಟಗಳ ಸಿಲಬಸ್ ಕೊಡುತ್ತಾರೆ. ಇದು ನಮ್ಮೂರಿನ ಪಠ್ಯಕ್ರಮದಂತೆ ಪಾಠಗಳ ಪಟ್ಟಿಯಷ್ಟೇ ಆಗಿರುವುದಿಲ್ಲ. ತರಗತಿಯಲ್ಲಿ ಹೇಗೆ ನಡೆದುಕೊಳ್ಳಬೇಕು, ಯಾವುದಕ್ಕೆ ಎಷ್ಟು ಅಂಕ, ತಡವಾದರೆ ಏನು, ನಕಲು ಮಾಡಿದರೆ ಏನು ಎಂಬುದೆಲ್ಲ ಅದರಲ್ಲಿರುತ್ತದೆ. ಕೆಳಗೆ ವಿದ್ಯಾರ್ಥಿಯೂ ಪೋಷಕರೂ ಸಹಿ ಹಾಕಬೇಕು. ಬಹಳ ಮಂದಿ ಊಟದ ಮೇಜಿನ ಮೇಲೆ ಓದದೆಯೇ ಸಹಿ ಮಾಡಿ ಕಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡಿಸೆಂಬರ್‌ನಲ್ಲಿ ಗ್ರೇಡಿನ ಬಗ್ಗೆ ಏನೇ ಪ್ರಶ್ನೆ ಎದ್ದರೂ ಶಿಕ್ಷಕರು ಮೊದಲು ತೋರಿಸುವುದು ಆ ಕಾಗದವನ್ನೇ.

ಪೆನ್ಸಿಲ್ ಹಿಡಿದು ಐದು ಸಂಗತಿಗಳಿಗೆ ಗೆರೆ ಎಳೆಯಿರಿ: ಅಂಕಗಳ ವಿಭಾಗ ಮತ್ತು ಅವುಗಳ ಶೇಕಡಾ ಪಾಲು, ತಡವಾಗಿ ಕೊಟ್ಟ ಕೆಲಸಕ್ಕೆ ಎಷ್ಟು ಕಡಿತ, ಪರೀಕ್ಷೆಯನ್ನು ಮತ್ತೆ ಬರೆಯಲು ಅವಕಾಶ ಇದೆಯೇ, ಇದ್ದರೆ ಎಷ್ಟು ದಿನದೊಳಗೆ, ರಜೆ ಹಾಕಿದ ದಿನದ ಕೆಲಸವನ್ನು ಯಾವಾಗ ಮುಗಿಸಿಕೊಡಬೇಕು, ಅನುವಾದ ತಂತ್ರಾಂಶ ಮತ್ತು ಕೃತಕ ಬುದ್ಧಿಮತ್ತೆಯ ಬಳಕೆಗೆ ನಿಯಮವೇನು. ಈ ಐದೂ ತಿಳಿದರೆ ಸಾಕು, ಉಳಿದದ್ದನ್ನು ಮಗುವೇ ನೋಡಿಕೊಳ್ಳುತ್ತದೆ.

ಡಿಸೆಂಬರ್‌ನಲ್ಲೋ ಮೇ ತಿಂಗಳಲ್ಲೋ ಊರಿಗೆ ಹೊರಡುವವರು ರಜೆಯ ನಿಯಮವನ್ನು ಎರಡು ಸಲ ಓದಬೇಕು. ಟಿಕೆಟ್ ಅಗ್ಗ ಸಿಗುತ್ತದೆಂದು ಸೆಮಿಸ್ಟರ್ ಮುಗಿಯುವ ಒಂದು ವಾರ ಮುಂಚೆ ಬೆಂಗಳೂರಿಗೆ ಹಾರಿದರೆ ಅಂತಿಮ ಪರೀಕ್ಷೆಯೂ ಮೌಖಿಕ ಪರೀಕ್ಷೆಯೂ ಒಟ್ಟಿಗೆ ತಪ್ಪುತ್ತವೆ. ಕುಟುಂಬದ ಪ್ರವಾಸವನ್ನು ಅನುಮತಿಸಿದ ರಜೆಯೆಂದು ಎಲ್ಲ ಜಿಲ್ಲೆಗಳೂ ಒಪ್ಪುವುದಿಲ್ಲ. ಟಿಕೆಟ್ ಕೊಳ್ಳುವ ಮೊದಲು ಶಾಲೆಯ ಕಚೇರಿಯಲ್ಲಿ ಕೇಳಿ.

ಹಂತ 2: ಗ್ರೇಡಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ

ಬಹಳ ಕಡೆ ಬಳಕೆಯಲ್ಲಿರುವ ಅಳತೆ ಹೀಗಿದೆ: 90 ಮತ್ತು ಅದಕ್ಕೆ ಮೇಲೆ ಎ, 80ರಿಂದ 89 ಬಿ, 70ರಿಂದ 79 ಸಿ, 60ರಿಂದ 69 ಡಿ, ಅದಕ್ಕೂ ಕೆಳಗೆ ಎಫ್. 35 ಬಂದರೆ ಪಾಸು ಎಂದು ಬೆಳೆದವರಿಗೆ 65 ಎಂದರೆ ಪರವಾಗಿಲ್ಲ ಅನ್ನಿಸಬಹುದು. ಇಲ್ಲಿ ಅದು ಡಿ. ಕಾಲೇಜು ಪ್ರವೇಶದ ದೃಷ್ಟಿಯಿಂದ ಅನೇಕ ಕಡೆ ಲೆಕ್ಕಕ್ಕೆ ಬಾರದ ಗ್ರೇಡು. ಜಿಪಿಎ, ಅಂದರೆ ಎಲ್ಲ ವಿಷಯಗಳ ಗ್ರೇಡಿನ ಸರಾಸರಿಯ ಲೆಕ್ಕದಲ್ಲಿ ಎಗೆ 4, ಬಿಗೆ 3, ಸಿಗೆ 2, ಡಿಗೆ 1, ಎಫ್‌ಗೆ ಸೊನ್ನೆ.

ಈಗ ಒಂದು ಮಾದರಿ ಸಿಲಬಸ್ ತೆಗೆದುಕೊಳ್ಳೋಣ. ಘಟಕ ಪರೀಕ್ಷೆಗೆ ಶೇ. 35, ಕ್ವಿಜ್‌ಗೆ 20, ಮಾತು ಮತ್ತು ಬರವಣಿಗೆಯ ಪ್ರಾತ್ಯಕ್ಷಿಕೆಗೆ 25, ತರಗತಿಯಲ್ಲಿ ಭಾಗವಹಿಸುವುದಕ್ಕೆ 10, ಹೋಂವರ್ಕ್‌ಗೆ 10. ಒಬ್ಬ ಹುಡುಗಿಗೆ ಪರೀಕ್ಷೆಯಲ್ಲಿ 92, ಕ್ವಿಜ್‌ನಲ್ಲಿ 88, ಪ್ರಾತ್ಯಕ್ಷಿಕೆಯಲ್ಲಿ 70, ಭಾಗವಹಿಸುವಿಕೆಯಲ್ಲಿ 75, ಹೋಂವರ್ಕ್‌ನಲ್ಲಿ 95 ಇದೆ ಎಂದುಕೊಳ್ಳಿ. ಪಾಲಿನಿಂದ ಗುಣಿಸಿದರೆ 32.2, 17.6, 17.5, 7.5, 9.5. ಕೂಡಿದರೆ 84.3. ಅಂದರೆ ಬಿ.

ಇಲ್ಲಿ ಮನೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು: ‘ಪರೀಕ್ಷೆಯಲ್ಲಿ 92 ಬಂದಿದೆ, ಬಿ ಹೇಗೆ ಕೊಟ್ಟರು? ಇನ್ನೂ ಚೆನ್ನಾಗಿ ಓದು.’ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಹೋಂವರ್ಕ್ 95ರಿಂದ 100ಕ್ಕೆ ಏರಿದರೆ ಒಟ್ಟು ಏರುವುದು ಅರ್ಧ ಅಂಕ. ಪರೀಕ್ಷೆಯಲ್ಲಿ ಇನ್ನೂ ಮೂರು ಅಂಕ ಹೆಚ್ಚು ತಂದರೂ ಒಟ್ಟಿಗೆ ಸೇರುವುದು ಒಂದರಷ್ಟು. ಪ್ರಾತ್ಯಕ್ಷಿಕೆ 70ರಿಂದ 86ಕ್ಕೆ ಬಂದರೆ ಪೂರ್ತಿ 4 ಅಂಕ. ಭಾಗವಹಿಸುವಿಕೆ 75ರಿಂದ 95ಕ್ಕೆ ಬಂದರೆ ಇನ್ನೂ 2. ಒಟ್ಟು 90.3, ಗ್ರೇಡ್ ಎ. ಆ ಹುಡುಗಿಗೆ ಬೇಕಾದದ್ದು ಹೆಚ್ಚು ಓದು ಅಲ್ಲವೇ ಅಲ್ಲ. ಬಾಯಿ ತೆರೆದು ಮಾತನಾಡುವ ಅಭ್ಯಾಸ. ನಮ್ಮ ಮಕ್ಕಳಲ್ಲಿ ಇದೇ ಚಿತ್ರ ಮತ್ತೆ ಮತ್ತೆ ಕಾಣುತ್ತದೆ, ಅದಕ್ಕಾಗಿಯೇ ಈ ಲೆಕ್ಕವನ್ನು ಇಷ್ಟು ಬಿಡಿಸಿ ಬರೆದೆ.

ಸೊನ್ನೆಯ ಹೊಡೆತವನ್ನೂ ನೋಡಿ. ಸೆಮಿಸ್ಟರ್‌ನಲ್ಲಿ ಮೂರೇ ಪ್ರಾತ್ಯಕ್ಷಿಕೆಗಳಿದ್ದು, ಎರಡರಲ್ಲಿ 90, ಒಂದನ್ನು ಕೊಡದೆ ಸೊನ್ನೆ ಬಂದರೆ ಆ ವಿಭಾಗದ ಸರಾಸರಿ 60ಕ್ಕೆ ಕುಸಿಯುತ್ತದೆ. ಒಟ್ಟು ಗ್ರೇಡಿನಿಂದ 7.5 ಅಂಕ ಹೋಯಿತು. ಕಳಪೆಯಾಗಿ ಮಾಡಿ 55 ತೆಗೆದುಕೊಂಡಿದ್ದರೂ ಸರಾಸರಿ 78ರ ಆಸುಪಾಸಿನಲ್ಲಿ ಉಳಿಯುತ್ತಿತ್ತು. ಚೆನ್ನಾಗಿ ಆಗಿಲ್ಲವೆಂದು ಕೊಡದೆ ಇಟ್ಟುಕೊಳ್ಳುವ ಮಕ್ಕಳಿಗೆ ಈ ಲೆಕ್ಕ ತೋರಿಸಿ.

ಕೆಲವು ಶಿಕ್ಷಕರು ಶೇಕಡಾ ಪಾಲು ಇಟ್ಟುಕೊಳ್ಳದೆ ಎಲ್ಲ ಅಂಕಗಳನ್ನೂ ಒಟ್ಟುಗೂಡಿಸುತ್ತಾರೆ. ಅಲ್ಲಿ 100 ಅಂಕದ ಒಂದು ಪರೀಕ್ಷೆ 10 ಅಂಕದ ಹತ್ತು ಹೋಂವರ್ಕ್‌ಗಳಿಗೆ ಸಮ. ಇನ್ನು ಕೆಲವು ಶಾಲೆಗಳಲ್ಲಿ ಶೇಕಡಾವಾರು ಬಿಟ್ಟು 4, 3, 2, 1 ಎಂಬ ಮಟ್ಟಗಳಿವೆ. ಅಲ್ಲಿ 3 ಎಂದರೆ ನಿಗದಿಪಡಿಸಿದ ಮಟ್ಟ ಮುಟ್ಟಿದೆ ಎಂದು. ನಾಲ್ಕರಲ್ಲಿ ಮೂರು ಬಂತು, ಶೇ. 75 ಎಂದು ಗಾಬರಿಯಾಗುವ ಕಾರಣವಿಲ್ಲ.

ಹಂತ 3: ಯಾವ ವರ್ಷ ಎಷ್ಟು ಭಾಷೆ ಬರಬೇಕು, ತಿಳಿದುಕೊಳ್ಳಿ

ಅಮೆರಿಕದ ವಿದೇಶಿ ಭಾಷಾ ಬೋಧಕರ ಸಂಸ್ಥೆಯಾದ ಆಕ್ಟ್‌ಫಲ್ 1986ರಲ್ಲಿ ಭಾಷಾ ಸಾಮರ್ಥ್ಯದ ಮಾರ್ಗಸೂಚಿಯನ್ನು ಮೊದಲು ಹೊರತಂದಿತು. ಆಮೇಲೆ ಅದು ಹಲವು ಸಲ ಪರಿಷ್ಕೃತವಾಗಿದೆ. ಅದರಲ್ಲಿ ನೋವಿಸ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್‌ಡ್, ಸುಪೀರಿಯರ್, ಡಿಸ್ಟಿಂಗ್ವಿಶ್ಡ್ ಎಂಬ ಐದು ಮಟ್ಟಗಳಿವೆ. ಮೊದಲ ಮೂರಕ್ಕೆ ಲೋ, ಮಿಡ್, ಹೈ ಎಂಬ ಒಳಮಟ್ಟಗಳು. ನಿಮ್ಮ ಮಗುವಿನ ರೂಬ್ರಿಕ್‌ನಲ್ಲಿ (ಯಾವುದಕ್ಕೆ ಎಷ್ಟು ಅಂಕ ಎಂದು ತೋರಿಸುವ ಕೋಷ್ಟಕ) ಈ ಪದಗಳು ಕಂಡರೆ ಮೂಲ ಇದೇ.

ಒಂದನೇ ವರ್ಷದ ಸ್ಪ್ಯಾನಿಷ್ ಮುಗಿಸಿದ ಮಗು ಸಾಮಾನ್ಯವಾಗಿ ನೋವಿಸ್ ಮಟ್ಟದಲ್ಲೇ ಇರುತ್ತದೆ. ತನ್ನ ಹೆಸರು, ಮನೆ, ಶಾಲೆ, ಊಟ, ಹವ್ಯಾಸಗಳ ಬಗ್ಗೆ ಕಲಿತ ಪದಗುಚ್ಛಗಳಲ್ಲಿ ಹೇಳುತ್ತದೆ, ಅಷ್ಟೇ. ಎರಡನೇ ವರ್ಷದಲ್ಲಿ ಸ್ವಂತ ವಾಕ್ಯ ಕಟ್ಟುವುದು, ನಿನ್ನೆ ನಡೆದದ್ದನ್ನು ಹೇಳುವುದು ಶುರುವಾಗುತ್ತದೆ. ಮೂರನೇ ವರ್ಷಕ್ಕೆ ಇಂಟರ್‌ಮೀಡಿಯೆಟ್ ಮಟ್ಟದ ಬಾಗಿಲು: ಪ್ರಶ್ನೆ ಕೇಳುವುದು, ಕಾರಣ ಕೊಡುವುದು, ವಾಕ್ಯಗಳನ್ನು ಜೋಡಿಸುವುದು. ‘ಎರಡು ವರ್ಷ ಆಯಿತು, ಇನ್ನೂ ಹೋಟೆಲಿನಲ್ಲಿ ಮಾಣಿಯ ಜೊತೆ ಮಾತನಾಡಲು ಬರುವುದಿಲ್ಲ’ ಎಂದು ಮಗುವನ್ನು ಹಂಗಿಸುವವರು ಈ ಲೆಕ್ಕ ನೋಡಲಿ. ದಿನಕ್ಕೆ 50 ನಿಮಿಷದಂತೆ 180 ದಿನದ ಶಾಲೆಯಲ್ಲಿ ವರ್ಷಕ್ಕೆ 150 ಗಂಟೆ ಸಿಗುತ್ತದೆ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆ ವಯಸ್ಕರಿಗೆ, ಪೂರ್ಣಾವಧಿ ತರಗತಿಯಲ್ಲಿ, ಸ್ಪ್ಯಾನಿಷ್‌ಗೆ ಇಟ್ಟಿರುವ ಅಂದಾಜು ಸುಮಾರು 600ರಿಂದ 750 ಗಂಟೆ. ಎರಡು ವರ್ಷದ ಶಾಲೆಯ 300 ಗಂಟೆ ಅದರ ಅರ್ಧವನ್ನು ದಾಟುವುದಿಲ್ಲ.

ಹೋಲಿಕೆಯಲ್ಲಿ ಇನ್ನೊಂದು ಎಚ್ಚರ ಬೇಕು. ಅಮೆರಿಕದಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡುವವರು 4 ಕೋಟಿಗೂ ಹೆಚ್ಚು. ಟೆಕ್ಸಸ್, ಕ್ಯಾಲಿಫೋರ್ನಿಯಾ, ಫ್ಲಾರಿಡಾಗಳಲ್ಲಿ ಅದೇ ತರಗತಿಯಲ್ಲಿ ಅಜ್ಜಿಯ ಜೊತೆ ಸ್ಪ್ಯಾನಿಷ್‌ನಲ್ಲೇ ಹರಟುವ ಮಕ್ಕಳಿರಬಹುದು. ಅವರಿಗಾಗಿ ಕೆಲವು ಶಾಲೆಗಳಲ್ಲಿ ಪ್ರತ್ಯೇಕ ತರಗತಿಯಿದೆ, ಎಲ್ಲೆಡೆ ಇಲ್ಲ. ನಿಮ್ಮ ಮಗುವಿಗೆ ಅವರು ಪ್ರತಿಸ್ಪರ್ಧಿಗಳಲ್ಲ. ಪಕ್ಕದಲ್ಲಿ ಕೂತು ಮಾತನಾಡಲು ಇವರಿಗಿಂತ ಒಳ್ಳೆಯ ಜೊತೆ ಬೇರೆ ಸಿಗದು. ಜೋಡಿ ಚಟುವಟಿಕೆಗೆ ಅಂಥವರನ್ನು ಹುಡುಕಿಕೊಂಡು ಹೋಗಲು ಹೇಳಿ.

ಹಂತ 4: ಬಾಯಿ ತೆರೆಯುವ ಅಂಕಗಳನ್ನು ಬಿಡಬೇಡಿ

ತರಗತಿಯ ಸಮಯದಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ಕಲಿಯುತ್ತಿರುವ ಭಾಷೆಯಲ್ಲೇ ನಡೆಯಬೇಕೆಂದು ಆಕ್ಟ್‌ಫಲ್ ಶಿಫಾರಸು ಮಾಡುತ್ತದೆ. ಹಾಗಾಗಿ ಮೊದಲ ದಿನದಿಂದಲೇ ಶಿಕ್ಷಕಿ ಸ್ಪ್ಯಾನಿಷ್‌ನಲ್ಲೇ ಮಾತನಾಡುವುದನ್ನು ಕೇಳಿ ಮಗು ‘ಏನೂ ಅರ್ಥವಾಗುವುದಿಲ್ಲ’ ಎಂದು ಮನೆಗೆ ಬಂದು ಅಳಬಹುದು. ಅದು ಶಿಕ್ಷಕಿಯ ದೋಷವಲ್ಲ, ಕ್ರಮವೇ ಹಾಗೆ. ಹಾವಭಾವ, ಚಿತ್ರ, ಮತ್ತೆ ಮತ್ತೆ ಬರುವ ಪದ ಇವುಗಳಿಂದ ಅರ್ಥ ಹಿಡಿಯಲು ಕಲಿಯಬೇಕು. ಎಲ್ಲ ಪದವೂ ತಿಳಿಯಬೇಕಾಗಿಲ್ಲ.

ಭಾಗವಹಿಸುವಿಕೆಯ ಅಂಕಕ್ಕೆ ಶಿಕ್ಷಕರು ನೋಡುವುದು ಕೆಲವೇ ಸಂಗತಿ: ಗಂಟೆ ಹೊಡೆದಾಗ ಜಾಗದಲ್ಲಿದ್ದು ಬೋರ್ಡ್ ಮೇಲಿನ ಆರಂಭದ ಪ್ರಶ್ನೆ ಬರೆಯುತ್ತಿದ್ದಾರೆಯೇ, ಜೋಡಿ ಕೆಲಸದಲ್ಲಿ ಇಂಗ್ಲಿಷಿಗೆ ಜಾರದೆ ಪ್ರಯತ್ನಿಸುತ್ತಿದ್ದಾರೆಯೇ, ಕೈ ಎತ್ತುತ್ತಾರೆಯೇ, ಮೊಬೈಲ್ ಬ್ಯಾಗಿನಲ್ಲಿದೆಯೇ. ತಪ್ಪು ಹೇಳಿದರೆ ಈ ವಿಭಾಗದಲ್ಲಿ ಅಂಕ ಕಡಿತವಿಲ್ಲ, ಮೌನವಾಗಿದ್ದರೆ ಉಂಟು. ಹಿರಿಯರ ಮುಂದೆ ತಪ್ಪು ಮಾತನಾಡಬಾರದು, ಸರಿ ಗೊತ್ತಿದ್ದರೆ ಮಾತ್ರ ಹೇಳು ಎಂದು ಬೆಳೆಸಿದ ನಮ್ಮ ಮಕ್ಕಳಿಗೆ ಇದು ಕಷ್ಟದ ಜಾಗ. ಈ ತರಗತಿಯ ಮಟ್ಟಿಗೆ ಆ ಸಂಕೋಚವನ್ನು ಬಿಡಲು ನೀವೇ ಅನುಮತಿ ಕೊಡಿ, ಬಾಯಿಬಿಟ್ಟು ಕೊಡಿ. ಅಪ್ಪ ಅಮ್ಮ ಹಾಗೆ ಹೇಳಿದ್ದು ಮಕ್ಕಳಿಗೆ ಬಹಳ ದೊಡ್ಡ ಧೈರ್ಯ.

ಮೂರು ವಾಕ್ಯಗಳನ್ನು ಮೊದಲ ವಾರವೇ ಬಾಯಿಗೆ ಕೂರಿಸಿದರೆ ತರಗತಿಯುದ್ದಕ್ಕೂ ಕೆಲಸಕ್ಕೆ ಬರುತ್ತವೆ. ‘ನೊ ಎಂತ್ಯೆಂದೊ’ ಎಂದರೆ ಅರ್ಥವಾಗಲಿಲ್ಲ. ‘ಪ್ವೆದೆ ರೆಪೆತಿರ್, ಪೊರ್ ಫವೋರ್’ ಎಂದರೆ ದಯವಿಟ್ಟು ಮತ್ತೊಮ್ಮೆ ಹೇಳುವಿರಾ. ‘ಕೊಮೊ ಸೆ ದೀಸೆ’ ಎಂದು ಆರಂಭಿಸಿ ಯಾವುದೇ ಪದಕ್ಕೆ ಸ್ಪ್ಯಾನಿಷ್‌ನಲ್ಲಿ ಏನೆನ್ನುತ್ತಾರೆಂದು ಕೇಳಬಹುದು. ಏನೂ ಬಾರದ ದಿನವೂ ಇವನ್ನು ಹೇಳಿದ ಮಗು ಸ್ಪ್ಯಾನಿಷ್‌ನಲ್ಲಿ ಮಾತನಾಡಿದಂತೆಯೇ.

ಮೌಖಿಕ ಪರೀಕ್ಷೆಯ ರೂಬ್ರಿಕ್ ಬೇರೆ. ಅಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಣಗಳಿರುತ್ತವೆ: ಕೊಟ್ಟ ಕೆಲಸ ಪೂರ್ತಿಯಾಯಿತೇ, ಕೇಳುವವರಿಗೆ ಅರ್ಥವಾಗುತ್ತದೆಯೇ, ಪದಸಂಪತ್ತು ಎಷ್ಟು, ವ್ಯಾಕರಣದ ಹಿಡಿತ ಎಷ್ಟು. ವ್ಯಾಕರಣ ನಾಲ್ಕರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಿ. ಎರಡು ನಿರ್ದೋಷ ವಾಕ್ಯ ಹೇಳಿ ನಿಲ್ಲಿಸಿದ ಮಗುವಿಗಿಂತ ಹತ್ತು ವಾಕ್ಯಗಳಲ್ಲಿ ಎರಡು ಮೂರು ತಪ್ಪು ಮಾಡಿ ಕೇಳಿದ್ದಕ್ಕೆಲ್ಲ ಉತ್ತರಿಸಿದ ಮಗುವಿಗೆ ಹೆಚ್ಚು ಅಂಕ. ಬರೆದು ಉರು ಹೊಡೆದು ಒಪ್ಪಿಸುವುದು ಭಾಷಣದ ಮಾದರಿಯ ಕೆಲಸಕ್ಕೆ ಸ್ವಲ್ಪ ನೆರವಾದೀತು. ಎದುರಿನವರು ಅನಿರೀಕ್ಷಿತ ಪ್ರಶ್ನೆ ಕೇಳುವ ಸಂಭಾಷಣೆಯಲ್ಲಿ ಅದು ಮೊದಲ ಪ್ರಶ್ನೆಗೇ ಮುರಿದುಬೀಳುತ್ತದೆ.

ಮನೆಯಲ್ಲಿ ಹೀಗೆ ಮಾಡಿ. ಮಗು ಆ ಘಟಕದ ಹತ್ತು ಪ್ರಶ್ನೆಗಳನ್ನು ಚೀಟಿಗಳಲ್ಲಿ ಬರೆಯಲಿ. ನೀವು ಯಾವುದಾದರೂ ಚೀಟಿ ಎತ್ತಿ ಕೊಡಿ. ಮೊಬೈಲಿನಲ್ಲಿ ಧ್ವನಿ ಮುದ್ರಿಸುತ್ತಾ ಅದಕ್ಕೆ ಅರ್ಧ ನಿಮಿಷ ನಿಲ್ಲದೆ ಉತ್ತರಿಸಬೇಕು. ಆಮೇಲೆ ತಾನೇ ಕೇಳಿಕೊಂಡು ಎಲ್ಲಿ ತಡವರಿಸಿದೆ ಎಂದು ಗುರುತಿಸಲಿ. ನಿಮಗೆ ಒಂದು ಪದವೂ ಅರ್ಥವಾಗದಿದ್ದರೂ ತಡವರಿಸಿದ್ದು ನಿಮ್ಮ ಕಿವಿಗೆ ತಿಳಿಯುತ್ತದೆ.

ಹಂತ 5: ಕನ್ನಡ ಕೊಟ್ಟಿರುವ ಅನುಕೂಲವನ್ನು ಬಳಸಿಕೊಳ್ಳಿ

ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಮಗುವಿಗೆ ಇಂಗ್ಲಿಷ್ ಮಾತ್ರ ಬಲ್ಲ ಸಹಪಾಠಿಗಳಿಗಿಂತ ಕೆಲವು ವಿಷಯಗಳು ಸುಲಭ. ಶಿಕ್ಷಕರು ಇದನ್ನು ಹೇಳಲಾರರು, ನೀವು ಹೇಳಬಹುದು.

ಕ್ರಿಯಾಪದದ ಕೊನೆ ನೋಡಿ ಮಾತನಾಡುವವರು ಯಾರೆಂದು ತಿಳಿಯುವುದು ನಮಗೆ ಹೊಸದಲ್ಲ. ‘ಮಾತನಾಡುತ್ತೇನೆ’ ಎಂದರೆ ನಾನು ಎಂದು ಹೇಳಬೇಕಾಗಿಲ್ಲ. ಅದೇ ಅರ್ಥದ ಸ್ಪ್ಯಾನಿಷ್ ಪದ ‘ಆಬ್ಲೊ’ ಕೂಡ ಹಾಗೆಯೇ, ‘ಆಬ್ಲಾಸ್’ ಎಂದರೆ ನೀನು. ‘ತೂ’ ಮತ್ತು ‘ಉಸ್ತೆದ್’ ನಡುವಿನ ವ್ಯತ್ಯಾಸ ನೀನು, ನೀವು ಎಂದು ದಿನವೂ ಆರಿಸಿ ಮಾತನಾಡುವ ಮಗುವಿಗೆ ಹತ್ತು ಸೆಕೆಂಡಿನ ಪಾಠ. ಶಿಕ್ಷಕರಿಗೆ ಬರೆಯುವಾಗ ‘ತೂ’ ಬಳಸಿ ಅಂಕ ಕಳೆದುಕೊಳ್ಳುವ ಸಹಪಾಠಿಗಳ ನಡುವೆ ನಿಮ್ಮ ಮಗು ಆ ತಪ್ಪು ಮಾಡಬೇಕಾಗಿಲ್ಲ. ‘ಮೆ ಗುಸ್ತಾ’ ಎಂಬ ರಚನೆ ಇಂಗ್ಲಿಷಿನ ಮಕ್ಕಳನ್ನು ವರ್ಷಗಟ್ಟಲೆ ಕಾಡುತ್ತದೆ; ‘ನನಗೆ ಇಷ್ಟ’ ಎನ್ನುವವರಿಗೆ ಅದು ಮನೆಯ ಮಾತಿನ ಕಟ್ಟಣೆಯೇ. ಇಷ್ಟವಾದ ವಸ್ತು ಒಂದಕ್ಕಿಂತ ಹೆಚ್ಚಿದ್ದರೆ ‘ಮೆ ಗುಸ್ತಾನ್’ ಆಗುತ್ತದೆ, ಅಷ್ಟು ನೆನಪಿಟ್ಟರಾಯಿತು. ಉಚ್ಚಾರಣೆಯಲ್ಲಿ ಸ್ಪ್ಯಾನಿಷ್‌ನ ತ, ದ ಕನ್ನಡದ ದಂತ್ಯಗಳಿಗೆ ಬಹಳ ಹತ್ತಿರ, ಇಂಗ್ಲಿಷಿನ ಟ, ಡ ಅಲ್ಲ. ಐದು ಸ್ವರಗಳನ್ನು ಅ, ಎ, ಇ, ಒ, ಉ ಎಂದು ಶುದ್ಧವಾಗಿ ಹೇಳಿದರೆ ಸಾಕು.

ಕೈಕೊಡುವ ಜಾಗಗಳೂ ಇವೆ. ಕನ್ನಡದಲ್ಲಿ ಮೇಜು, ಪುಸ್ತಕ ಎಲ್ಲ ನಪುಂಸಕ ಲಿಂಗ. ಸ್ಪ್ಯಾನಿಷ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ, ವಿಶೇಷಣವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಇದಕ್ಕೆ ಒಂದೇ ದಾರಿ: ಪದವನ್ನು ಒಂಟಿಯಾಗಿ ಕಲಿಯದೆ ‘ಲಾ ಮೆಸಾ’, ‘ಎಲ್ ಲೀಬ್ರೊ’ ಎಂದು ಜೋಡಿಯಾಗಿ ಕಲಿಯುವುದು. ಆ-ಕಾರದಲ್ಲಿ ಮುಗಿದರೂ ಪುಲ್ಲಿಂಗವಾದ ‘ಎಲ್ ಪ್ರೊಬ್ಲೆಮಾ’ (ಸಮಸ್ಯೆ), ಒ-ಕಾರದಲ್ಲಿ ಮುಗಿದರೂ ಸ್ತ್ರೀಲಿಂಗವಾದ ‘ಲಾ ಮಾನೊ’ (ಕೈ) ಎಂಬಂಥ ಅಪವಾದಗಳು ಆಗ ತಾವಾಗಿಯೇ ನಾಲಗೆಗೆ ಬರುತ್ತವೆ. ಇರುವುದು ಎಂಬ ಅರ್ಥದ ‘ಸೆರ್’, ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳು ಮೊದಲ ವರ್ಷದ ಅಂಕ ನುಂಗುತ್ತವೆ. ಭೂತಕಾಲದ ಎರಡು ಬಗೆಗಳು ಎರಡನೇ ವರ್ಷದ್ದನ್ನು. ಇವೆರಡಕ್ಕೆ ಮೀಸಲಾದ ಅಭ್ಯಾಸ ಬೇಕೇ ಬೇಕು.

ಬರವಣಿಗೆಯಲ್ಲಿ ಅಕ್ಷರದ ಮೇಲಿನ ಗೆರೆಯನ್ನು ಅಲಂಕಾರವೆಂದು ಬಿಡುವ ಮಕ್ಕಳಿದ್ದಾರೆ. ಆ ಗೆರೆ ಇಲ್ಲದೆ ‘ಆಬ್ಲೊ’ ಎಂದರೆ ನಾನು ಮಾತನಾಡುತ್ತೇನೆ. ಕೊನೆಯ ಸ್ವರದ ಮೇಲೆ ಗೆರೆ ಎಳೆದರೆ ಅವನು ಮಾತನಾಡಿದನು. ಕಾಲವೂ ವ್ಯಕ್ತಿಯೂ ಬದಲಾಯಿತು, ಕ್ವಿಜ್‌ನಲ್ಲಿ ಉತ್ತರವೂ ತಪ್ಪಾಯಿತು. ಶಾಲೆಯ ಕ್ರೋಮ್‌ಬುಕ್‌ನಲ್ಲಿ ಸ್ಪ್ಯಾನಿಷ್ ಕೀಲಿಮಣೆಯನ್ನು ಮೊದಲ ವಾರವೇ ಜೋಡಿಸಿಕೊಂಡು ಅಭ್ಯಾಸ ಮಾಡಿಕೊಳ್ಳಲಿ.

ಹಂತ 6: ದಿನಕ್ಕೆ ಇಪ್ಪತ್ತು ನಿಮಿಷ

ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಮೇಲು. ಏಳೆಂಟು ನಿಮಿಷ ಪದಗಳ ಚೀಟಿ, ಚಿತ್ರ ನೋಡಿ ಪದ ಹೇಳುವಂತೆ, ಇಂಗ್ಲಿಷ್ ಅರ್ಥ ಬರೆದುಕೊಳ್ಳದೆ. ಏಳೆಂಟು ನಿಮಿಷ ಗಟ್ಟಿಯಾಗಿ ಓದುವುದು ಅಥವಾ ಕೇಳುವುದು. ಉಳಿದ ಸಮಯ ಆ ದಿನದ ಬಗ್ಗೆ ನಾಲ್ಕು ಸ್ವಂತ ವಾಕ್ಯ ಬರೆಯುವುದು. ಆ ನಾಲ್ಕು ವಾಕ್ಯಗಳೇ ಬರವಣಿಗೆಯ ಪ್ರಾತ್ಯಕ್ಷಿಕೆಗೆ ನಿಜವಾದ ತಯಾರಿ. ಆಟದ ರೂಪದ ಭಾಷಾ ಆ್ಯಪ್‌ಗಳು ಪದಗಳನ್ನು ನೆನಪಿಡಲು ಒಳ್ಳೆಯವು. ಅವುಗಳಲ್ಲಿ ಎಷ್ಟು ದಿನ ಸರಣಿ ಮುರಿಯದೆ ಆಡಿದರೂ ಸಿಲಬಸ್‌ನ ಘಟಕ ಮುಗಿದಂತೆ ಆಗುವುದಿಲ್ಲ.

ಹಂತ 7: ಅನುವಾದ ಯಂತ್ರದಿಂದ ದೂರ

ಇದರಲ್ಲಿ ನನ್ನ ನಿಲುವು ಖಡಾಖಂಡಿತ. ಒಂದು ಪದದ ಅರ್ಥವನ್ನು ನಿಘಂಟಿನಲ್ಲಿ ನೋಡುವುದು ಕಲಿಕೆ. ಪೂರ್ತಿ ಪ್ಯಾರಾವನ್ನು ಇಂಗ್ಲಿಷಿನಲ್ಲಿ ಬರೆದು ಯಂತ್ರಕ್ಕೆ ಕೊಟ್ಟು ಸ್ಪ್ಯಾನಿಷ್ ಮಾಡಿಸಿಕೊಳ್ಳುವುದನ್ನು ಬಹುತೇಕ ಸಿಲಬಸ್‌ಗಳು ನಕಲು ಎಂದೇ ಪರಿಗಣಿಸುತ್ತವೆ. ಮೊದಲ ಸಲ ಸೊನ್ನೆ ಮತ್ತು ಮನೆಗೆ ಕರೆ, ಎರಡನೇ ಸಲ ಆಡಳಿತದವರೆಗೆ ದೂರು ಎನ್ನುವುದು ಸಾಮಾನ್ಯ ಕ್ರಮ. ಶಿಕ್ಷಕರಿಗೆ ಇದು ತಿಳಿಯುವುದಿಲ್ಲ ಎಂದು ಮಕ್ಕಳು ನಂಬುತ್ತಾರೆ. ಒಂದನೇ ವರ್ಷದ ಮಗುವಿನ ಹಾಳೆಯಲ್ಲಿ ಮೂರನೇ ವರ್ಷ ಕಲಿಸುವ ಕ್ರಿಯಾರೂಪ ಕಂಡರೆ, ತರಗತಿಯಲ್ಲಿ ಕಲಿಸದ ಸ್ಪೇನ್ ದೇಶದ ಬಹುವಚನ ರೂಪ ನುಸುಳಿದ್ದರೆ, ಅವರಿಗೆ ಬೇರೆ ಸಾಕ್ಷಿ ಬೇಡ. ‘ಇದನ್ನು ನನಗೆ ವಿವರಿಸು’ ಎಂದು ಕೇಳಿದರೆ ಸಾಕು.

ಕೆಲಸ ಕಷ್ಟವಾದರೆ ದಾರಿಯಿದೆ. ಬಲ್ಲ ಪದಗಳಲ್ಲೇ, ಚಿಕ್ಕ ವಾಕ್ಯಗಳಲ್ಲೇ ಬರೆಯಲಿ. ಹೇಳಬೇಕೆಂದದ್ದು ದೊಡ್ಡದಿದ್ದರೆ ಅದನ್ನೇ ಚಿಕ್ಕದು ಮಾಡಲಿ. ಶಿಕ್ಷಕರು ಓದಲು ಬಯಸುವುದು ಆ ಮಗುವಿನ ಸ್ಪ್ಯಾನಿಷ್ ಅನ್ನು.

ಹಂತ 8: ಆನ್‌ಲೈನ್ ಗ್ರೇಡ್ ಪುಸ್ತಕವನ್ನು ಸರಿಯಾಗಿ ಓದಿ

ಕ್ಯಾನ್ವಾಸ್, ಪವರ್‌ಸ್ಕೂಲ್, ಇನ್ಫೈನೈಟ್ ಕ್ಯಾಂಪಸ್ ಇವುಗಳಲ್ಲಿ ಯಾವುದಾದರೊಂದನ್ನು ನಿಮ್ಮ ಶಾಲೆ ಬಳಸುತ್ತಿರಬಹುದು. ಸೆಪ್ಟೆಂಬರ್‌ನಲ್ಲಿ ಎರಡು ಮೂರು ಕೆಲಸಗಳಷ್ಟೇ ದಾಖಲಾಗಿರುವಾಗ ಶೇಕಡಾ ಭಾರಿ ಏರಿಳಿಯುತ್ತದೆ. ಪರೀಕ್ಷೆಯ ವಿಭಾಗ ಇನ್ನೂ ಖಾಲಿಯಿದ್ದರೆ ಉಳಿದ ವಿಭಾಗಗಳ ಆಧಾರದ ಮೇಲಷ್ಟೇ ಗ್ರೇಡ್ ಕಾಣುತ್ತದೆ. ಆಗ ಕಂಡ 97 ನೋಡಿ ನಿರಾಳವಾಗುವುದೂ ಬೇಡ, 68 ನೋಡಿ ಕೂಗಾಡುವುದೂ ಬೇಡ. ಕ್ಯಾನ್ವಾಸ್‌ನಲ್ಲಿ ಮುಂದಿನ ಕೆಲಸಕ್ಕೆ ಇಷ್ಟು ಅಂಕ ಬಂದರೆ ಗ್ರೇಡ್ ಎಷ್ಟಾಗುತ್ತದೆ ಎಂದು ಊಹೆಯ ಅಂಕ ಹಾಕಿ ನೋಡುವ ಸೌಲಭ್ಯ ವಿದ್ಯಾರ್ಥಿಯ ಖಾತೆಯಲ್ಲಿದೆ. ಮಗುವೇ ಅದನ್ನು ಮಾಡಿ ತೋರಿಸಲಿ.

ವಾರಕ್ಕೊಮ್ಮೆ, ಒಂದು ನಿಗದಿತ ದಿನ ಜೊತೆಗೆ ಕೂತು ನೋಡಿದರೆ ಸಾಕು. ದಿನಕ್ಕೆ ಹತ್ತು ಸಲ ಮೊಬೈಲಿನಲ್ಲಿ ಗ್ರೇಡ್ ನೋಡುವ ಪೋಷಕರು ಮಗುವಿಗೆ ಉಸಿರಾಡಲು ಬಿಡುವುದಿಲ್ಲ. ಹುಡುಕಬೇಕಾದ ಪದ ‘ಮಿಸ್ಸಿಂಗ್’. ಅದು ಕಂಡ ದಿನವೇ ವಿಚಾರಿಸಿ, ತಡ ಕಡಿತವಿದ್ದರೂ ಕೊಡಿಸಿ. ಮರುಪರೀಕ್ಷೆಗೆ ಅವಕಾಶವಿರುವ ಕಡೆ ಸಾಮಾನ್ಯವಾಗಿ ತಪ್ಪುಗಳನ್ನು ತಿದ್ದಿ ತೋರಿಸಿದ ಮೇಲೆ ಮಾತ್ರ ಬರೆಯಲು ಬಿಡುತ್ತಾರೆ, ಅದಕ್ಕೂ ಗಡುವು ಇರುತ್ತದೆ.

ಹಂತ 9: ಶಿಕ್ಷಕರನ್ನು ಮೊದಲು ಮಗುವೇ ಮಾತನಾಡಿಸಲಿ

ಅಮೆರಿಕದ ಹೈಸ್ಕೂಲಿನಲ್ಲಿ ತನ್ನ ಗ್ರೇಡಿನ ಬಗ್ಗೆ ವಿದ್ಯಾರ್ಥಿಯೇ ಕೇಳಬೇಕೆಂಬ ನಿರೀಕ್ಷೆಯಿದೆ. ಪೋಷಕರ ಇಮೇಲ್ ಎರಡನೇ ಹೆಜ್ಜೆ. ‘ನನಗೆ ಯಾಕೆ ಬಿ ಕೊಟ್ಟಿರಿ’ ಎಂಬ ಧಾಟಿ ಬೇಡ. ‘ಸೆನ್ಯೋರಾ, ಕಳೆದ ಮೌಖಿಕ ಪರೀಕ್ಷೆಯಲ್ಲಿ ಪದಸಂಪತ್ತಿನ ಅಂಕಣದಲ್ಲಿ ನನಗೆ ಎರಡು ಬಂದಿದೆ. ಮೂರು ಬರಲು ನಾನು ಏನು ಸೇರಿಸಬೇಕಿತ್ತು? ಗುರುವಾರ ಶಾಲೆ ಬಿಟ್ಟ ಮೇಲೆ ಬರಬಹುದೇ?’ ಎಂಬಂತೆ ರೂಬ್ರಿಕ್ ಹಿಡಿದು ಕೇಳಿದರೆ ಯಾವ ಶಿಕ್ಷಕರೂ ಸಮಯ ಕೊಡುತ್ತಾರೆ. ಎರಡು ವಾರದಲ್ಲಿ ಏನೂ ಬದಲಾಗದಿದ್ದರೆ ನೀವು ಬರೆಯಿರಿ. ಪ್ರಾಂಶುಪಾಲರ ಕಚೇರಿಗೆ ನೇರ ಹೋಗುವುದು ಕೊನೆಯ ಮಾತು, ಮೊದಲನೆಯದಾಗಬಾರದು. ಮಗುವಿಗೆ ಕಲಿಕೆಯ ತೊಂದರೆ ಇದ್ದು 504 ಯೋಜನೆ ಅಥವಾ ಐಇಪಿ (ಮಗುವಿಗೆ ಶಾಲೆ ಕೊಡಬೇಕಾದ ವಿಶೇಷ ನೆರವನ್ನು ಬರೆದಿಟ್ಟ ಅಧಿಕೃತ ಯೋಜನೆಗಳು) ಇದ್ದರೆ ಹೆಚ್ಚುವರಿ ಸಮಯದಂಥ ಸೌಲಭ್ಯ ಸ್ಪ್ಯಾನಿಷ್ ತರಗತಿಗೂ ಅನ್ವಯಿಸುತ್ತದೆ. ಶಿಕ್ಷಕರಿಗೆ ಅದು ತಲುಪಿದೆಯೇ ಎಂದು ಕೌನ್ಸೆಲರ್ ಬಳಿ ಖಚಿತಪಡಿಸಿಕೊಳ್ಳಿ.

ಹಂತ 10: ಎಷ್ಟು ವರ್ಷ ಓದಬೇಕು, ಕನ್ನಡಕ್ಕೆ ಏನು ಸ್ಥಾನ

ಉದಾಹರಣೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಇಂಗ್ಲಿಷೇತರ ಭಾಷೆಯೊಂದರ ಎರಡು ವರ್ಷ ಕಡ್ಡಾಯ, ಮೂರು ವರ್ಷ ಅಪೇಕ್ಷಣೀಯ. ಗ್ರೇಡ್ ಸಿ ಅಥವಾ ಮೇಲಿರಬೇಕು. ಒಂದನೇ ವರ್ಷದಲ್ಲಿ ಡಿ ಬಂದಿದ್ದರೂ ಎರಡನೇ ಹಂತದಲ್ಲಿ ಸಿ ಅಥವಾ ಹೆಚ್ಚು ಪಡೆದರೆ ಆ ಕೊರತೆ ತುಂಬಿಕೊಂಡಂತೆ ಪರಿಗಣಿಸುತ್ತಾರೆ. 7 ಮತ್ತು 8ನೇ ತರಗತಿಯಲ್ಲಿ ಮುಗಿಸಿದ ಹೈಸ್ಕೂಲ್ ಮಟ್ಟದ ಸ್ಪ್ಯಾನಿಷ್ ಕೂಡ ಈ ಲೆಕ್ಕಕ್ಕೆ ಬರುತ್ತದೆ. ಬೇರೆ ರಾಜ್ಯಗಳ ನಿಯಮ ಬೇರೆ.

ಮುಂದುವರಿಯುವವರಿಗೆ ಎಪಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು, ‘ಸ್ಪ್ಯಾನಿಷ್ ಭಾಷೆ ಮತ್ತು ಸಂಸ್ಕೃತಿ’ ಇದೆ. ಕಾಲೇಜ್ ಬೋರ್ಡ್ ಮೇ ತಿಂಗಳಲ್ಲಿ ನಡೆಸುವ ಆ ಪರೀಕ್ಷೆಗೆ 1ರಿಂದ 5ರವರೆಗೆ ಅಂಕ. ಅದು ಶಾಲೆಯ ಗ್ರೇಡಿನಿಂದ ಪ್ರತ್ಯೇಕ: ತರಗತಿಯಲ್ಲಿ ಎ ಬಂದು ಪರೀಕ್ಷೆಯಲ್ಲಿ 3 ಬರುವುದುಂಟು. ಪರೀಕ್ಷೆಯ ಸ್ವರೂಪವನ್ನು ಆಗಾಗ ಪರಿಷ್ಕರಿಸುವುದರಿಂದ ಹಳೆಯ ಪುಸ್ತಕ ನಂಬದೆ ಆಯಾ ವರ್ಷದ ವಿವರ ನೋಡಿ. ಸಂಸ್ಕೃತಿಗಳ ಹೋಲಿಕೆಯೂ ಈ ಕೋರ್ಸಿನ ಭಾಗ. ಮೆಕ್ಸಿಕೋದಲ್ಲಿ ನವೆಂಬರ್‌ನಲ್ಲಿ ಅಗಲಿದವರಿಗೆ ಊಟ ಇಟ್ಟು ನೆನೆಯುವ ಆಚರಣೆಯನ್ನು ತನ್ನ ಮನೆಯ ಮಹಾಲಯ ಅಮಾವಾಸ್ಯೆಯ ಎಡೆಯ ಪಕ್ಕದಲ್ಲಿಟ್ಟು ಮಾತನಾಡಬಲ್ಲ ಮಗುವಿಗೆ ಹೇಳಲು ಸಾಮಗ್ರಿ ಕಡಿಮೆಯಾಗದು. ಅಜ್ಜಿ ಮನೆಯ ಸಂಗತಿಗಳನ್ನು ಸ್ಪ್ಯಾನಿಷ್‌ನಲ್ಲಿ ಹೇಳುವುದನ್ನು ಅಭ್ಯಾಸ ಮಾಡಿಸಿ.

ಎರಡು ಭಾಷೆಗಳಲ್ಲಿ ಪರಿಣತಿ ತೋರಿದವರಿಗೆ ಹೈಸ್ಕೂಲ್ ಮುಗಿಸುವಾಗ ಸೀಲ್ ಆಫ್ ಬೈಲಿಟರಸಿ ಎಂಬ ಮನ್ನಣೆ ಸಿಗುತ್ತದೆ. 2011ರಲ್ಲಿ ಇದಕ್ಕೆ ಕಾನೂನು ಮಾಡಿದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ, ಆಮೇಲೆ ಇತರ ರಾಜ್ಯಗಳಿಗೂ ಹರಡಿತು. ಇದು ಸ್ಪ್ಯಾನಿಷ್‌ಗೆ ಸೀಮಿತವಲ್ಲ. ಮನೆಯಲ್ಲಿ ಕನ್ನಡ ಓದಿ ಬರೆಯುವ ಮಗುವಿದ್ದರೆ, ಕನ್ನಡದ ಸಾಮರ್ಥ್ಯವನ್ನು ಶಾಲೆ ಯಾವ ಪರೀಕ್ಷೆಯ ಮೂಲಕ ಒಪ್ಪುತ್ತದೆ, ಕನ್ನಡ ಕೂಟದ ಶಾಲೆಯಲ್ಲಿ ಕಲಿತದ್ದಕ್ಕೆ ಜಿಲ್ಲೆ ಕ್ರೆಡಿಟ್ ಕೊಡುತ್ತದೆಯೇ ಎಂದು 9ನೇ ತರಗತಿಯಲ್ಲೇ ಕೌನ್ಸೆಲರನ್ನು ಕೇಳಿ. ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಯಲ್ಲಿ ಆರನೇ ತರಗತಿ ಅಥವಾ ಅದಕ್ಕೂ ಮೇಲೆ ಎರಡು ವರ್ಷ ಓದಿ ಬಂದ ಮಕ್ಕಳ ವಿಷಯದಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಆ ಓದನ್ನೇ ಭಾಷೆಯ ಅಗತ್ಯಕ್ಕೆ ಒಪ್ಪಿಕೊಳ್ಳುತ್ತದೆ. ಹಳೆಯ ಅಂಕಪಟ್ಟಿಗಳನ್ನು ಊರಿನ ಬೀರುವಿನಲ್ಲಿ ಬಿಟ್ಟು ಬಂದಿದ್ದರೆ ಮುಂದಿನ ಸಲ ಹೋದಾಗ ತೆಗೆದುಕೊಂಡು ಬನ್ನಿ.